ಹತ್ತು ಕಿಲೋದ ಒಳಗಿನ ಲೆಕ್ಕ

ಸೇಡಂದಿಂದ ಮಳಖೇಡದ ಕಡಿ ಹೋಗೋ ದಾರ್ಯಾಗ
ನಂದೊಂದು ಖೋಲಿ, ಒಂದು ಕಿಡಕಿ, ಮುಂದ ಧರ್ಮಕಾಟಾ.
ಹನ್ನೊಂದು ವರ್ಷ ರಾತ್ರಿ ಪಾಳಿ.
ಸಿಮೆಂಟು, ತೊಗರಿ, ಫರಸಿಕಲ್ಲು,
ತುಂಬಿದ ಗಾಡಿ ತೂಕ, ಖಾಲಿ ಗಾಡಿ ತೂಕ,
ಚೀಟಿ ಹರದು ಕೈಗೆ ಕೊಡೋದು.
ನನ್ನ ತೂಕ ಯಾರೂ ಕೇಳಿರಲಿಲ್ಲ.

ರಾತ್ರಿಗೆ ಏಳು ಚಾ.
ಬಂಡೆಪ್ಪನ ಗ್ಲಾಸು ಬೆರಳುದ್ದ,
ತಳದಾಗ ಕರಗದ ಸಕ್ಕರಿ
ಬೆರಳಿಟ್ಟು ನೆಕ್ಕೋದು ನನ್ನ ಗುಟ್ಟಿನ ಹಬ್ಬ.
ಎರಡಕ್ಕ ಮಿರ್ಚಿ ಭಜಿ, ನಾಕಕ್ಕ ಖಾರಿ,
ಮುಂಜಾನಿ ಮನಿಗೆ ಹೋಗಿ
ತಾಟಿನ ಮುಂದ ಕುಂತಲ್ಲೇ ತೂಕಡಿಕಿ.

ದವಾಖಾನ್ಯಾಗ ಎಸ್ತೇರಮ್ಮ ಸಿಸ್ಟರು
ಬೆರಳಿಗೆ ಸೂಜಿ ಚುಚ್ಚಿದರು. ಒಂದು ಹನಿ, ಅಷ್ಟ.
ಬೈಲಿಲ್ಲ. ಒಂದು ಚೀಟಿ ಬರದು ಕೈಗಿಟ್ಟರು:
‘ಓವರ್‌ಲೋಡ್ ಅಂತ ಮಂದಿಗೆ ಕೊಡ್ತೀಯಲ್ಲ,
ಇದು ನಿಂದು.’

ಅವತ್ತು ರಾತ್ರಿ ಗಾಡಿ ಇರದ ಹೊತ್ತಿನ್ಯಾಗ
ಕಾಟಾದ ಮ್ಯಾಲ ನಾನ ಹೋಗಿ ನಿಂತೆ.
ನಿಂತ ಮ್ಯಾಲ ತಿಳೀತು, ಅಂಕಿ ಕಾಣೋದು ಖೋಲಿಯೊಳಗ,
ನಾ ಇರೋದು ಹೊರಗ.
ಡ್ರೈವರ್ ಮೌಲಾಲಿ ಕಿಡಕ್ಯಾಗ ಹಣಿಕಿ ಹಾಕಿ
‘ತೊಂಬತ್ತು!’ ಅಂತ ಕೂಗಿದ.
ಚಪ್ಪಲ್ ಬಿಟ್ಟೆ: ತೊಂಬತ್ತು.
ಕೀಲಿಕೈ ಗೊಂಚಲ ಕೆಳಗಿಟ್ಟೆ: ತೊಂಬತ್ತು.
ನಮ್ಮ ಕಾಟಾ ಹತ್ತರಿಂದ ಹತ್ತಕ್ಕ ಜಿಗೀತದ.
ಹತ್ತು ಕಿಲೋದ ಒಳಗಿನದು ಅದಕ್ಕ ಲೆಕ್ಕಕ್ಕಿಲ್ಲ.

ನಮ್ಮ ಜಗದೇವಿಗೆ ಕಾಟಾ ಗೊತ್ತಿಲ್ಲ.
ಅಕಿ ಲೆಕ್ಕ ಬ್ಯಾರೆ: ಚಿಟಿಕಿ, ಹಿಡಿ, ಬೊಗಸಿ.
ಡಬ್ಬಿಯೊಳಗ ಎರಡ ರೊಟ್ಟಿ, ಪುಂಡಿಪಲ್ಯ,
ಚಿಟಿಕಿ ಅಗಸಿ ಹಿಂಡಿ, ಹಿಡಿ ಹಸಿ ಮೆಂತ್ಯ ತಪ್ಪಲ,
ಒಂದು ಉಳ್ಳಾಗಡ್ಡಿ, ಗುದ್ದಿ ಒಡಿಲಿಕ್ಕ.
‘ಮೊದಲ ಹಸೀದು ತಿನ್ನು, ಆಮ್ಯಾಲ ರೊಟ್ಟಿ.’
ಯಾಕ ಅಂದ್ರ ಹೇಳಲಿಲ್ಲ,
ಹಿಟ್ಟಿನ ಕೈ ಕೊಡವಿ ಒಳಗ ಹೋದಳು.

ಕಟಿ ರೊಟ್ಟಿ ಅವಸರದವರಿಗೆ ಬಗ್ಗಂಗಿಲ್ಲ.
ಒಂದು ತುತ್ತು ಅಗಿಯೂದ್ರಾಗ ಒಂದು ಲಾರಿ ತೂಗಬಹುದು.
ಹೊಟ್ಟಿ ಸಾಕು ಅನ್ನೋ ಮಾತು
ಇಷ್ಟು ವರ್ಷ ಹೇಳತಿತ್ತೇನೋ,
ಅದು ಬಾಯಿ ತೆರಿಯೂದ್ರಾಗ ನಾ ಕೈ ತೊಳಕೊಂಡಿರತಿದ್ದೆ.

ಏಳು ಚಾ ಒಮ್ಮಿಗೇ ಬಿಡಲಿಕ್ಕ ಆಗಲಿಲ್ಲ.
ಆರು ಮಾಡಿದೆ. ಶ್ರಾವಣಕ್ಕ ನಾಕು.
ಈಗ ಎರಡು, ಸಕ್ಕರಿ ಅರ್ಧ.
ಬಂಡೆಪ್ಪ ಮಾರಿ ತಿರುವಿದ; ಎಂಟು ದಿನಕ್ಕ
ತನಗೂ ಅರ್ಧ ಸಕ್ಕರಿದು ಸೋಸಿಕೊಂಡು ನನ್ನ ಬಾಜೂಕ ಕುಂತ.

ಮೌಲಾಲಿ ತಂಗಿ ಮದುವ್ಯಾಗ
ಡಬಲ್ ಕಾ ಮೀಠಾ ಮೂರು ಸಲ ಹಾಕಿಸಿಕೊಂಡೆ.
ಸುಳ್ಳು ಯಾಕ ಹೇಳಲಿ, ನಾಕು ಸಲ.
ಮರುದಿನ ಬರೇ ಮೂಲಂಗಿ ಮುಂದಿಟ್ಟುಕೊಂಡು
ಸೊಟ್ಟ ಮಾರಿ ಮಾಡಿ ಕುಂತಾಗ ಜಗದೇವಿ
ರೊಟ್ಟಿ ಬಡಿದು ಬಾಜೂಕ ಇಟ್ಟಳು.
‘ಅದು ದಂಡ ಅಲ್ಲ,’ ಅಂದಳು, ‘ಊಟ.’

ಒಂದು ಗಾಡಿ ಹೋಗಿ ಇನ್ನೊಂದು ಬರೋತನಕ
ಕಾಟಾದ ಸುತ್ತ ತಿರಗತೀನಿ.
ಒಂದು ಸುತ್ತಿಗೆ ಅರವತ್ತನಾಲ್ಕು ಹೆಜ್ಜಿ.
ಸಿಮೆಂಟಿನ ಧೂಳಿನ್ಯಾಗ ಸಣ್ಣ ಕಾಲ್ದಾರಿ ಬಿದ್ದದ,
ಎಲ್ಲಿಗೂ ಹೋಗದ ದಾರಿ,
ನಾಯಿ ಒಂದು ಅದರ ಮ್ಯಾಲ ನನ್ನ ಹಿಂದ ಬರತದ.

ಹಗಲ ಮಲಗಲಿಕ್ಕ ಕಿಡಕಿಗೆ ಗೋಣಿತಟ್ಟು,
ತಲಿದಿಂಬಿನ ಹತ್ತಿರ ಮಣ್ಣಿನ ಮಗಿ ನೀರು.
ನಾ ಮಲಗಿದಾಗ ಕುಕ್ಕರ್ ಸೀಟಿ ಹೊಡಿಯಂಗಿಲ್ಲ,
ತೊಗರಿಬ್ಯಾಳಿ ಗಡಗಿಯೊಳಗ
ಸಪ್ಪಳ ಇಲ್ಲದ ಕುದೀತದ.
ಆ ವಾಸನಿಗೆ ಎಚ್ಚರ ಆಗೋದು ಸಂಜಿ ನಾಕಕ್ಕ.
ಸಿಸ್ಟರ್ ಕೊಟ್ಟ ಗುಳಿಗಿ ಇನ್ನೂ ಅದ. ಅದನ್ನ ಬಿಟ್ಟಿಲ್ಲ.

ಐದು ತಿಂಗಳಾದ ಮ್ಯಾಲ ಮತ್ತ ನಿಂತೆ.
ಮೌಲಾಲಿ ಹಣಿಕಿ ಹಾಕಿದ:
‘ತೊಂಬತ್ತ ಅದನೋ ಮಾರಾಯ, ಮಶೀನ್ ಕೆಟ್ಟದ!’
ಕೆಟ್ಟಿಲ್ಲ. ಅದಕ್ಕ ಸಣ್ಣದು ಕಾಣಂಗಿಲ್ಲ.
ನನಗ ಕಾಣತದ:
ಬೆಲ್ಟಿನ ಹಳೇ ತೂತು ಬಿಟ್ಟು ಒಳಗಿನದಕ್ಕ ಬಂದೀನಿ,
ನಿಂತಲ್ಲಿಂದ ಬಗ್ಗಿ ನೋಡಿದರ
ನನ್ನವೇ ಹತ್ತು ಕಾಲಬೆರಳು.

ಹಿಂದ ಲಾರಿ ಹಾರ್ನ್ ಹೊಡೀತು.
ಒಳಗ ಬಂದು ಡಬ್ಬಿ ಬಿಚ್ಚಿ
ಅರ್ಧ ರೊಟ್ಟಿ ಮುರದು ಕಿಡಕಿಯಿಂದ ಚಾಚಿದೆ.
‘ತಗೋ ಮೌಲಾಲಿ, ಸಾವಕಾಶ ಅಗಿ.’
ಕತ್ತಲ್ಯಾಗ ಎರಡು ಬಾಯಿಯ
ಕಟಕಟ ಸಪ್ಪಳ.